ಎರಡು ಕಾಂಪೆನ್ಸೇಷನ್

ಸೇಡಂ, ಚಿಂಚೋಳಿ ಕಡೆ ಯಾರನ್ನಾದ್ರೂ ‘ಕಾಂಪೆನ್ಸೇಷನ್’ ಅಂದ್ರೆ ಏನಂತ ಕೇಳಿ. ಜಮೀನು ಹೋಗಿದ್ದಕ್ಕೆ ಬರೋ ದುಡ್ಡು ಅಂತಾರೆ. ದೀಪಾವಳಿ ರಜೆಗೆ ಶಹಾಬಾದಿಗೆ ಹೋದಾಗ ಕಾಕಾ ತಮ್ಮ ಡಿಸ್ಚಾರ್ಜ್ ಕಾರ್ಡ್ ನನ್ನ ಕೈಗಿಟ್ಟರು. “ತಮ್ಮಾ, ಇದರಾಗ ಎರಡು ಕಡಿ ಕಾಂಪೆನ್ಸೇಷನ್ ಅಂತ ಬರದಾರಂತ. ರೊಕ್ಕ ಯಾವಾಗ ಬರ್ತದ ನೋಡಪಾ” ಅಂದರು. ಇಪ್ಪತ್ತೆರಡು ವರ್ಷ ಫರ್ಸಿ ಪಾಲಿಶ್ ಮಾಡಿದವರು. ತಮಾಷೆಗೆ ಕೇಳಿದರೋ ನಿಜವಾಗಿಯೋ ತಿಳಿಯಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ.

ಕಾರ್ಡಿನಲ್ಲಿದ್ದ ಮೊದಲ ಸಾಲು, ‘ವಿಪಿಸಿ ವಿತ್ ಕಾಂಪೆನ್ಸೇಟರಿ ಪಾಸ್’. ವಿಪಿಸಿ ಅಂದ್ರೆ ಹೃದಯದ ಕೆಳಕೋಣೆಯಿಂದ ಅವಧಿಗೆ ಮುಂಚೆ ಹೊರಡುವ ಬಡಿತ. ನಿಮಿಷಕ್ಕೆ 75 ಬಡಿತ ಇದ್ದರೆ ಬಡಿತದಿಂದ ಬಡಿತಕ್ಕೆ 800 ಮಿಲಿಸೆಕೆಂಡು. ಒಂದು ಬಡಿತ ಆಗಿ 500ಕ್ಕೇ ವಿಪಿಸಿ ನುಗ್ಗಿತು ಅನ್ನಿ. ಮೇಲಿರುವ ಎಸ್‌ಎ ನೋಡ್‌ಗೆ ಇದರ ಸುದ್ದಿಯೇ ಇಲ್ಲ. ಅದು 800ಕ್ಕೆ ಸರಿಯಾಗಿ ಸಂಕೇತ ಕಳಿಸುತ್ತದೆ. ಆದರೆ ಕೆಳಕೋಣೆ ಈಗಷ್ಟೇ ಬಡಿದು ಸುಸ್ತಾಗಿದೆ, ಓಗೊಡುವುದಿಲ್ಲ. ಮುಂದಿನ ಸಂಕೇತ 1600ಕ್ಕೆ. ನಡುವೆ 1100 ಮಿಲಿಸೆಕೆಂಡು ಖಾಲಿ. 500 ಮತ್ತು 1100 ಕೂಡಿದರೆ 1600, ಅಂದ್ರೆ ಸರಿಯಾಗಿ ಎರಡು ಬಡಿತದ ಅವಧಿ.

ನಮ್ಮ ವಾಡಿ ಜಂಕ್ಷನ್‌ನಲ್ಲಿ ನಿಂತರೆ ಇದು ಬೇಗ ಹೊಳೆಯುತ್ತದೆ. ಚಿತ್ತಾಪುರ ಕಡೆಯಿಂದ ಸಿಮೆಂಟಿನ ಗೂಡ್ಸ್ ಒಂದು ವೇಳೆ ಬಿಟ್ಟು ಬಂದು ಲೈನ್ ಹಿಡಿಯಿತು, ಹಿಂದಿನ ಪ್ಯಾಸೆಂಜರ್ ರದ್ದಾಯಿತು. ಆದರೆ ಟೈಮ್‌ಟೇಬಲ್ ಬದಲಾಗಲಿಲ್ಲ, ಅದರ ಮುಂದಿನ ಗಾಡಿ ತನ್ನ ವೇಳೆಗೇ ಬಂತು. ಅವಧಿಪೂರ್ವ ಬಡಿತ ಮೇಲಿನ ಕೋಣೆಯಿಂದ ಹೊರಟರೆ ಮಾತ್ರ ಕಥೆ ಬೇರೆ. ಅದು ಸಾಮಾನ್ಯವಾಗಿ ಎಸ್‌ಎ ನೋಡ್‌ನ ಗಡಿಯಾರವನ್ನೇ ರೀಸೆಟ್ ಮಾಡುತ್ತದೆ, ವಿರಾಮ ಪೂರ್ತಿ ಸರಿದೂಗುವುದಿಲ್ಲ. ಇಸಿಜಿ ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆದು ನೋಡಬಹುದು.

ಕಾಕಾ ‘ಎದಿ ಧಸಕ್ ಅಂತದ’ ಅನ್ನೋದು ಹೆಚ್ಚಾಗಿ ಆ ಮುಂಚಿನ ಬಡಿತವಲ್ಲ. ಖಾಲಿ ಅವಧಿಯಲ್ಲಿ ಕೆಳಕೋಣೆಗೆ ಹೆಚ್ಚು ರಕ್ತ ತುಂಬಿರುತ್ತದಲ್ಲ, ಅದನ್ನು ದೂಡುವ ಮುಂದಿನ ಬಡಿತ ಜೋರಾಗಿರುತ್ತದೆ. ಧಸಕ್ ಅನ್ನೋದು ಅದು.

ಉಸಿರಿಗೂ ವಿರಾಮ ಉಂಟು. ದೊಡ್ಡವರಲ್ಲಿ 10 ಸೆಕೆಂಡು ಅಥವಾ ಹೆಚ್ಚು ಉಸಿರು ನಿಂತರೆ ಅದು ‘ಅಪ್ನಿಯಾ’. ಹೃದಯ ಸೋತವರಲ್ಲಿ ಕೆಲವೊಮ್ಮೆ ಉಸಿರು ಏರುತ್ತಾ ಏರುತ್ತಾ ಹೋಗಿ, ಇಳಿದು, ನಿಂತು, ಮತ್ತೆ ಶುರುವಾಗುತ್ತದೆ. 1818ರಲ್ಲಿ ಜಾನ್ ಚೇಯ್ನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಬರೆದಿಟ್ಟಿದ್ದರಿಂದ ಇದಕ್ಕೆ ‘ಚೇಯ್ನ್–ಸ್ಟೋಕ್ಸ್’ ಉಸಿರಾಟ ಅಂತ ಹೆಸರು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೊಸದೇನಲ್ಲ: ರಕ್ತ ನಿಧಾನ, ಹಾಗಾಗಿ ಶ್ವಾಸಕೋಶದ ಸುದ್ದಿ ಮೆದುಳಿಗೆ ತಡವಾಗಿ ತಲುಪುತ್ತದೆ; ಫೀಡ್‌ಬ್ಯಾಕ್‌ನಲ್ಲಿ ಡಿಲೇ ಬಂದರೆ ಆಂದೋಲನ. ಹಾಸ್ಟೆಲ್ ಗೀಸರ್ ನಲ್ಲಿ ತಿರುವುತ್ತಾ ಒಮ್ಮೆ ಸುಟ್ಟುಕೊಂಡು ಒಮ್ಮೆ ನಡುಗುತ್ತೇವಲ್ಲ, ಹಾಗೆ.

ಕಾಕಾನ ಕಾರ್ಡಿನ ಎರಡನೇ ಸಾಲು ನನ್ನನ್ನು ಹೆದರಿಸಿದ್ದು: ‘ಕಾಂಪೆನ್ಸೇಟೆಡ್ ರೆಸ್ಪಿರೇಟರಿ ಅಸಿಡೋಸಿಸ್’. ಕೆಟ್ಟ ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ಹೊರಹಾಕುವುದಿಲ್ಲ, ರಕ್ತ ಹುಳಿಯಾಗುತ್ತದೆ. ಲೆಕ್ಕಕ್ಕೆ, 40 ಇರಬೇಕಾದ ಅದರ ಒತ್ತಡ 60 ಮಿ.ಮೀ.ಗೆ ದಿಢೀರನೆ ಏರಿದರೆ ಪಿಎಚ್ ಸುಮಾರು 7.26ಕ್ಕೆ ಇಳಿಯುತ್ತದೆ. ಆಗ ಕಿಡ್ನಿ ಬೈಕಾರ್ಬೊನೇಟ್ ಕೂಡಿಡಲು ಶುರು ಮಾಡುತ್ತದೆ. ಮೂರ್ನಾಲ್ಕು ದಿನದಲ್ಲಿ ಅದು 24ರಿಂದ 32ರ ಹತ್ತಿರ ಹೋಗಿ ಪಿಎಚ್ 7.35ಕ್ಕೆ ಮರಳುತ್ತದೆ. ರಿಪೋರ್ಟಿನಲ್ಲಿ ಪಿಎಚ್ ‘ನಾರ್ಮಲ್’. ರೋಗ ಮಾತ್ರ ಇದ್ದಲ್ಲೇ ಇದೆ, 60 ಇನ್ನೂ 60. ಔಟ್‌ಪುಟ್ ಸರಿ ಕಾಣುತ್ತಿದೆ, ಒಳಗೆ ಕಂಟ್ರೋಲರ್ ತನ್ನ ಮಿತಿಯ ಹತ್ತಿರ ದುಡಿಯುತ್ತಿದೆ. ಒಂದು ಚಳಿಗಾಲದ ಕಫ ಸಾಕು, ‘ಡಿಕಾಂಪೆನ್ಸೇಟೆಡ್’ ಆಗೋದಕ್ಕೆ. ಬಲ ಹೃದಯವೂ ಹೀಗೇ. ಕುಗ್ಗಿದ ಶ್ವಾಸಕೋಶದ ರಕ್ತನಾಳಗಳಿಗೆ ರಕ್ತ ದೂಡಲು ದಪ್ಪಗಾಗಿ ಕೆಲವು ವರ್ಷ ನಿಭಾಯಿಸುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ, ಕಾಲು ಬಾಯುತ್ತದೆ.

ಇಲ್ಲೊಂದು ಮಾತು, ಮನೆಯಲ್ಲಿ ಇಂಥವರಿದ್ದರೆ. ದಮ್ಮು ಹತ್ತಿತು ಅಂತ ಸಿಲಿಂಡರ್ ತಂದು ಆಕ್ಸಿಜನ್ ಪೂರ್ತಿ ತಿರುವಬೇಡಿ. ಕಾರ್ಬನ್ ಡೈಆಕ್ಸೈಡ್ ನಿಲ್ಲುವವರಿಗೆ ವೈದ್ಯರು ಆಕ್ಸಿಜನ್ ಮಟ್ಟವನ್ನು 88–92%ರಲ್ಲಷ್ಟೇ ಇಡುತ್ತಾರೆ. ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರುತ್ತದೆ.

ಕಾಕಾನಿಗೆ ಇದನ್ನೆಲ್ಲ ಹೇಳಿದೆ. “ಹಂಗಾದ್ರ ರೊಕ್ಕದ್ದು ಅಲ್ಲ” ಅಂದು ಸುಮ್ಮನಾದರು. ಕನ್ನಡದಲ್ಲಿ ಇವು ಎರಡು ಪದ: ದೇಹ ಮಾಡುವುದು ಸರಿದೂಗಿಸುವಿಕೆ, ಮಾಲೀಕ ಕೊಡಬೇಕಾದದ್ದು ಪರಿಹಾರ. ಆಮೇಲೆ ಹುಡುಕಿದರೆ ಎರಡನೆಯದೂ ಪೂರ್ತಿ ಸುಳ್ಳಲ್ಲ. 2025ರವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಹೆಸರಿತ್ತು. ಫರ್ಸಿ ಸುಣ್ಣದ ಕಲ್ಲೇ, ಆದರೆ ಅದರಲ್ಲೂ ಸಿಲಿಕಾ ಇರುತ್ತದೆ. ಕಾರ್ಡಿನಲ್ಲಿರುವುದು ಬರೀ ‘ಸಿಒಪಿಡಿ’. ಏನು ಕೆಲಸ ಮಾಡ್ತಿದ್ರಿ ಅಂತ ಯಾರೂ ಕೇಳಿರಲಿಲ್ಲ. ಕಾಕಾ ಬೀಡಿಯನ್ನೂ ಸೇದಿದವರು, ಹಾಗಾಗಿ ನಾನೇನೂ ತೀರ್ಪು ಕೊಡಲಾರೆ. ಸಂಕ್ರಾಂತಿಗೆ ಊರಿಗೆ ಹೋದಾಗ ಹಳೇ ಎಕ್ಸ್‌ರೇಗಳನ್ನೆಲ್ಲ ಕಟ್ಟಿಕೊಂಡು ಅವರನ್ನು ಕಲಬುರಗಿಗೆ ಕರೆದೊಯ್ಯುತ್ತೇನೆ. ಹಾಜರಿ ಚೀಟಿಗಳನ್ನು ಕಾಕಿ ಟ್ರಂಕಿನಲ್ಲಿ ಹುಡುಕುತ್ತಿದ್ದಾರೆ.