ಕೇಕ್ ಟೇಬಲ್ಲಿನ ಖರ್ಚು

ನಮ್ಮ ಶಿಕಾರಿಪುರದಲ್ಲೂ ಈಗ ಹುಟ್ಟುಹಬ್ಬಕ್ಕೆ ಪ್ಯಾಕೇಜ್ ಸಿಗುತ್ತದೆ. ಬಲೂನಿನ ಕಮಾನು, ಹಿಂದೊಂದು ಫ್ಲೆಕ್ಸ್, ಕೇಕ್ ಇಡುವ ಟೇಬಲ್ಲಿಗೆ ನೆರಿಗೆ ಬಟ್ಟೆ, ಥರ್ಮಾಕೋಲಿನಲ್ಲಿ ಕೊರೆದ ಮಗುವಿನ ಹೆಸರು. ಮಗಳಿಗೆ ಹತ್ತು ತುಂಬುವಾಗ ವಿಚಾರಿಸಿದೆ, 3,500 ರೂಪಾಯಿ ಎಂದರು. ಕೇಕ್ ಬೇರೆ, ಊಟ ಬೇರೆ. ಸಂಜೆ ಆರಕ್ಕೆ ಕಟ್ಟಿ ಒಂಬತ್ತಕ್ಕೆ ಬಿಚ್ಚಿಕೊಂಡು ಹೋಗುತ್ತಾರೆ. ಗಂಟೆಗೆ ಸಾವಿರಕ್ಕೂ ಹೆಚ್ಚಾಯಿತು. ಅಲಂಕಾರದ ಥರ್ಮಾಕೋಲ್, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ ಎರಡೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾಗಿವೆ. ಕೇಳಿದರೆ ನಗುತ್ತಾರೆ, ಅಷ್ಟೇ.

ಮನೆಯಲ್ಲೇ ಮಾಡೋಣ ಎಂದೆ. ಆದರೆ ಮನೆಯಲ್ಲಿ ಮಾಡಿದರೆ ಖರ್ಚು ಕಡಿಮೆ ಎಂಬ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಅಂಗಡಿಗೆ ಕಾಲಿಟ್ಟರೆ ಮಿಂಚುವ ಹಾಳೆ, ರಿಬ್ಬನ್, ಅಂಟು ಕರಗಿಸುವ ಗನ್ನು, ಮುತ್ತಿನ ಸರ ಎಲ್ಲವೂ ಕೈಬೀಸಿ ಕರೆಯುತ್ತವೆ. ಫೋನಿನಲ್ಲಿ ನೋಡಿದರೆ ‘ನೀವೇ ಮಾಡಿ’ ಎನ್ನುವ ಡಬ್ಬಿಯೊಂದಕ್ಕೇ 999 ರೂಪಾಯಿ. ಮಕ್ಕಳು ಮಾಡುವುದು ಬರೀ ಅಂಟಿಸುವ ಕೆಲಸ, ದುಡ್ಡು ಹೋಗುವುದು ಮಾತ್ರ ಪೂರ್ತಿ. ಕೈಕೆಲಸದ ಹೆಸರಿನಲ್ಲಿ ಪ್ಯಾಕೇಜಿಗಿಂತ ಹೆಚ್ಚು ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ. ಅದಕ್ಕೇ ಮಗಳಿಗೂ ನನ್ನ ಅಣ್ಣನ ಇಬ್ಬರು ಮಕ್ಕಳಿಗೂ ಸೇರಿಸಿ 300 ರೂಪಾಯಿ ಎಣಿಸಿಕೊಟ್ಟೆ. ಜೊತೆಗೊಂದು ಪುಸ್ತಕ, ಒಂದು ಪೆನ್ನು. ಉಳಿದರೆ ನಿಮ್ಮದು, ಸಾಲದಿದ್ದರೆ ನನ್ನನ್ನು ಕೇಳಬೇಡಿ ಎಂದೆ.

ಉಳಿದದ್ದು ತಮಗೇ ಎಂದ ಕೂಡಲೇ ಮಕ್ಕಳ ಕಣ್ಣು ಬದಲಾಯಿತು. ಮಿಂಚುವ ಹಾಳೆಗೆ ಕೈಹಾಕಿದ್ದ ಮಗಳೇ ಬೆಲೆ ನೋಡಿ ಕೆಳಗಿಟ್ಟಳು. ಸೇವಂತಿಗೆ ಮಾರಿಗೆ ಎಷ್ಟು ಎಂದು ಹೋಗಿ ಕೇಳಿ ಬಂದವಳೂ ಅವಳೇ. ನಮ್ಮೂರಲ್ಲಿ ಶನಿವಾರ ಹುಚ್ಚುರಾಯಸ್ವಾಮಿಯ ವಾರ, ಹೂವಿನ ದರ ಒಂದು ಮೆಟ್ಟಿಲು ಮೇಲೆ. ಭಾನುವಾರದ ಹುಟ್ಟುಹಬ್ಬಕ್ಕೆ ಶುಕ್ರವಾರವೇ ತಂದಿಡುವುದೋ, ಭಾನುವಾರ ಬೆಳಿಗ್ಗೆ ತರುವುದೋ ಎಂದು ಮೂವರೂ ಕೂತು ಚರ್ಚೆ ನಡೆಸಿದರು. ಭಾನುವಾರ ಗೆದ್ದಿತು.

ಮಿಕ್ಕ ಸಾಮಾನು ಬಂದಿದ್ದು ಸೊರಬದ ಕಡೆಯ ನನ್ನ ತವರಿಂದ. (ನನಗೂ ಮಗಳಿಗೂ ಬಸ್ಸಿಗೆ ಶಕ್ತಿ ಯೋಜನೆ ಇದೆ, ಆ ಲೆಕ್ಕ ಬರೆಯುವುದಿಲ್ಲ.) ಡಿಸೆಂಬರ್ ಅಂದರೆ ಅಡಕೆ ಕೊಯ್ಲಿನ ಹೊತ್ತು. ತೋಟದಲ್ಲಿ ಅಡಕೆ ಹಾಳೆ ತಾನಾಗಿ ಉದುರಿ ಬಿದ್ದಿರುತ್ತದೆ. ನೀರಲ್ಲಿ ನೆನೆಸಿ, ಒರಳುಕಲ್ಲಿನ ಕೆಳಗೆ ಒತ್ತಿಟ್ಟರೆ ಚಪ್ಪಟೆಯಾಗುತ್ತದೆ. ಭತ್ತದ ತೆನೆ ಕಣದಲ್ಲೇ ಇತ್ತು. ಇತ್ತ ಶಿಕಾರಿಪುರದಲ್ಲಿ ಗೋವಿನಜೋಳದ ತೆನೆಯ ಸಿಪ್ಪೆಗೆ ಬೆಲೆಯೇ ಇಲ್ಲ. ಒಳಗಿನ ತೆಳು ಸಿಪ್ಪೆಯನ್ನು ಒದ್ದೆ ಮಾಡಿ ಮಡಚಿ ಬುಡಕ್ಕೆ ದಾರ ಸುತ್ತಿದರೆ, ಒಣಗಿದ ಮೇಲೂ ಹೂವಿನಂತೆ ನಿಲ್ಲುತ್ತದೆ.

ಅಣ್ಣನ ಮಗನಿಗೆ ಹಿಂಗಾರ, ಅಂದರೆ ಅಡಕೆಯ ಹೂಗೊಂಚಲು, ಬೇಕಿತ್ತು. ತೋಟದ್ದೇ ತಾನೆ, ಪುಕ್ಕಟೆ ಎಂಬುದು ಅವನ ವಾದ. ಅಣ್ಣ ಬಿಡಲಿಲ್ಲ. “ಹಿಂಗಾರ ಕಿತ್ರೆ ಒಂದು ಕೊನೆನೇ ಹೋತು ಕಣಾ ಮಾರಾಯ” ಎಂದ. ಆ ಹುಡುಗನಿಗೆ ನಾನು ಕಾಗದದ ಮೇಲೆ ತೋರಿಸಿದೆ. ಒಂದು ಕೊನೆಯಲ್ಲಿ ಅರ್ಧ ಕೆಜಿ ಒಣ ಅಡಕೆ ಎಂದಿಟ್ಟುಕೋ, ಕೆಜಿಗೆ 400 ಎಂದೇ ಹಿಡಿ, 200 ರೂಪಾಯಿ ಆಯಿತು. ಮೂವರ ಬಜೆಟ್ಟಿನ ಮೂರನೇ ಎರಡು ಭಾಗ! ಕೈಯಿಂದ ನೋಟು ಹೋಗದಿದ್ದರೆ ಖರ್ಚೇ ಆಗಿಲ್ಲ ಎಂದುಕೊಳ್ಳುವ ದೊಡ್ಡವರೂ ಬಹಳ ಮಂದಿ ಇದ್ದಾರೆ. ಅವರನ್ನು ತೋಟಕ್ಕೆ ಕಳಿಸಬೇಕು.

ಅಲಂಕಾರದ ನಿಜವಾದ ಯಜಮಾನಿ ಅಮ್ಮ. ನಮ್ಮ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವುದನ್ನು ಯಾರೂ ತರಗತಿಗೆ ಹೋಗಿ ಕಲಿತವರಲ್ಲ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಹಿನ್ನೆಲೆಗೆ ಕೆಮ್ಮಣ್ಣು, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಬರೆದ ಭೂಮಣ್ಣಿ ಬುಟ್ಟಿ ಅಟ್ಟದ ಮೇಲಿತ್ತು. ಅದನ್ನೇ ಟೇಬಲ್ಲಿನ ನಡುವೆ ಇಟ್ಟು ಚಾಕಲೇಟ್ ತುಂಬೋಣ ಎಂದಳು ಮಗಳು. ಅಮ್ಮ ಒಪ್ಪಲಿಲ್ಲ. ಗದ್ದೆಗೆ ಬಯಕೆ ಊಟ ಹೊರುವ ಬುಟ್ಟಿ ಅದು, ಚಾಕಲೇಟಿಗಲ್ಲ ಎಂದಳು. ಮೇದಾರರ ಹತ್ತಿರ 120 ರೂಪಾಯಿಗೆ ಸಣ್ಣ ಬುಟ್ಟಿ ಕೊಂಡು ತಂದೆವು. ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅಮ್ಮ ಒಂದು ಗೆರೆ ಎಳೆದರೆ ಮಕ್ಕಳು ಪಕ್ಕದಲ್ಲಿ ಇನ್ನೊಂದು ಎಳೆದರು. ಸೊಟ್ಟಗಾಗಿದ್ದನ್ನು ಯಾರೂ ಅಳಿಸಲಿಲ್ಲ. ಹಾಳೆಯ ತುಂಡುಗಳ ಮೇಲೆ ಗೋಂದು ಬೆರೆಸಿದ ಕೆಮ್ಮಣ್ಣು ಬಳಿದು, ಬರುವ ಗೆಳತಿಯರ ಹೆಸರನ್ನು ಅಕ್ಕಿ ಹಿಟ್ಟಿನಲ್ಲಿ ಬರೆದರು. ಗೋಂದಿಲ್ಲದಿದ್ದರೆ ನುಣುಪಾದ ಹಾಳೆಯಿಂದ ಬಣ್ಣ ಸಿಪ್ಪೆಯಾಗಿ ಏಳುತ್ತದೆ.

ಒಂದು ವಸ್ತುವಿಗೆ ಮಾತ್ರ ನಾನೇ ಕೈಬಿಚ್ಚಿ ಕೊಟ್ಟೆ. ಸೊರಬ, ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನ ಕೆಲಸವೂ ಅವರ ಕೈಯದೇ. ಕೆರೆಯಲ್ಲಿ ಬೆಳೆಯುವ ಗಿಡದ ಬಿಳಿ ತಿರುಳನ್ನು ಕಾಗದದಷ್ಟು ತೆಳ್ಳಗೆ ಹೆರೆದು ಹೂವು, ಹಾರ, ಮದುವೆಯ ಬಾಸಿಂಗ ಮಾಡುತ್ತಾರೆ. 400 ರೂಪಾಯಿಗೆ ಒಂದು ಬೆಂಡಿನ ಹಾರ ತಂದೆ. ಮಕ್ಕಳ ಇಡೀ ಬಜೆಟ್ಟಿಗಿಂತ ಇದೇ ಜಾಸ್ತಿ ಎಂದು ಮಗಳು ತಗಾದೆ ತೆಗೆದಳು. ಆದರೆ ಅದೇ ಹಾರ ಗೌರಿ-ಗಣೇಶಕ್ಕೆ ಬರುತ್ತದೆ, ದೀಪಾವಳಿಗೆ ಬರುತ್ತದೆ, ಮುಂದಿನ ಹುಟ್ಟುಹಬ್ಬಕ್ಕೂ ಬರುತ್ತದೆ. ನಾಲ್ಕು ಸಲ ಬಳಸಿದರೆ ಸಲಕ್ಕೆ 100 ರೂಪಾಯಿ. ಬಲೂನು ಒಂದು ಸಲಕ್ಕೇ ಮುಗಿಯಿತು. ಬೆಂಡಿಗೆ ಬೆಂಕಿ ಬಲುಬೇಗ ಹತ್ತುತ್ತದೆ, ಮೇಣದ ಬತ್ತಿಯಿಂದ ದೂರವಿಡಿ. ನಾವು ಟೇಬಲ್ಲಿನ ಮುಂಭಾಗಕ್ಕೆ, ಹಳೇ ಹತ್ತಿ ಸೀರೆಯ ಅಂಚಿಗೆ ಹೊಲಿದು ಇಳಿಬಿಟ್ಟೆವು.

ಸಮಯಕ್ಕೂ ಬೆಲೆ ಕಟ್ಟಬೇಕು. ಅಡಕೆ ಸುಲಿಯುವ ಕಾಲದಲ್ಲಿ ಹೆಂಗಸರ ಒಂದೊಂದು ಗಂಟೆಯೂ ಕೂಲಿಯೇ. ಸುಲಿತಕ್ಕೆ ಹೋಗುವ ತಾಯಿ ಅದನ್ನು ಬಿಟ್ಟು ಕೂತು ಜೋಳದ ಸಿಪ್ಪೆ ಮಡಚಿದರೆ ಉಳಿತಾಯ ಎಲ್ಲಿಂದ ಬಂತು? ಅಂಥ ಮನೆಗೆ ನಾನು ಈ ಸಲಹೆ ಕೊಡುವುದಿಲ್ಲ. ಸೇವಂತಿಗೆಯ ಎರಡು ಮಾರು, ಒಂದು ಹಣತೆ ಸಾಕು. ನಮ್ಮಲ್ಲಿ ಕೆಲಸ ನಡೆದಿದ್ದು ಮಕ್ಕಳು ಟಿ.ವಿ. ಮುಂದೆ ಕೂರುವ ಹೊತ್ತಿನಲ್ಲಿ, ಆ ಹೊತ್ತಿಗೆ ಕೂಲಿ ಕೊಡುವವರಿಲ್ಲ.

ಮಕ್ಕಳ ಪುಸ್ತಕದಲ್ಲಿ ಖರ್ಚು 260, ಉಳಿಕೆ 40. ಅದನ್ನು ಮೂವರು ಹಂಚಿಕೊಳ್ಳುವಾಗ ನಡೆದ ಜಗಳ ಇಲ್ಲಿ ಬೇಡ. ನನ್ನ ಕಡೆಯಿಂದ ಹೋದದ್ದು 300, ಬುಟ್ಟಿಗೆ 120, ಹಾರಕ್ಕೆ 400, ಒಟ್ಟು 820. ಪ್ಯಾಕೇಜಿನ 3,500ರಲ್ಲಿ ಕಳೆದರೆ 2,680 ಉಳಿಯಿತು. ಇಂಥ ಉಳಿತಾಯ ಪರ್ಸಿನಲ್ಲೇ ಇದ್ದರೆ ವಾರದೊಳಗೆ ತರಕಾರಿ, ಗ್ಯಾಸು ಎಂದು ಕರಗುತ್ತದೆ. ಅದನ್ನು ಆ ವಾರವೇ ಅಂಚೆ ಕಚೇರಿಗೆ ಮುಟ್ಟಿಸಿದೆ.

ಮಗಳ ಹೆಸರಲ್ಲಿ ತಿಂಗಳಿಗೆ 200 ರೂಪಾಯಿಯ ಐದು ವರ್ಷದ ಆರ್‌ಡಿ. ಬಡ್ಡಿ ವರ್ಷಕ್ಕೆ ಶೇ 6.7, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಬಹಳ ಜನ ಗಮನಿಸದ ಸೌಲಭ್ಯವೊಂದಿದೆ: ಹನ್ನೆರಡು ತಿಂಗಳ ಕಂತನ್ನು ಒಟ್ಟಿಗೇ ಮುಂಗಡ ಕಟ್ಟಿದರೆ ಪ್ರತಿ 100 ರೂಪಾಯಿ ಕಂತಿಗೆ 40 ರೂಪಾಯಿ ರಿಯಾಯಿತಿ, ಆರು ತಿಂಗಳದ್ದು ಕಟ್ಟಿದರೆ 10. ಹಾಗಾಗಿ ನಾವು ವರ್ಷದ ಕಂತಿಗೆ ಕಟ್ಟಿದ್ದು 2,400 ಅಲ್ಲ, 2,320. ಮಿಕ್ಕ 360ಕ್ಕೆ ಐಸ್‌ಕ್ರೀಂ ಆಯಿತು. ಹೀಗೇ ಪ್ರತಿ ಹುಟ್ಟುಹಬ್ಬದ ಉಳಿತಾಯದಿಂದ ಆ ವರ್ಷದ ಕಂತು ತುಂಬುತ್ತ ಹೋದರೆ ಅವಳಿಗೆ ಹದಿನೈದಾಗುವಾಗ ಸುಮಾರು 14,270 ರೂಪಾಯಿ ಕೈಗೆ ಬರುತ್ತದೆ. ಕಾಲೇಜು ಸೇರುವ ಖರ್ಚಿನಲ್ಲಿ ಒಂದು ಪಾಲು.

ಹತ್ತು ತುಂಬಿದ ಮಗು ಈ ಖಾತೆಯನ್ನು ತನ್ನ ಹೆಸರಲ್ಲಿ ತಾನೇ ತೆರೆಯಬಹುದು, ಸಹಿಯೂ ಅದರದ್ದೇ. ತಿಂಗಳಿಗೆ ಕನಿಷ್ಠ 100 ರೂಪಾಯಿ ಸಾಕು.