ಹೈಡ್ರೇಂಜಿಯ: ಬೇರಿಲ್ಲದ ಕಡ್ಡಿ ಬದುಕುವ ಬಗೆ

ಮಡಿಕೇರಿ, ಊಟಿ, ಕೊಡೈಕೆನಾಲುಗಳಿಗೆ ಹೋಗಿ ಬಂದವರು ಅಲ್ಲಿನ ಮನೆಗಳ ಮುಂದೆ ಚೆಂಡಿನಂತೆ ದುಂಡಗೆ ಅರಳಿದ ನೀಲಿ ಹೂಗೊಂಚಲುಗಳನ್ನು ಕಂಡೇ ಇರುತ್ತಾರೆ. ಹೈಡ್ರೇಂಜಿಯ ಎಂಬ ಈ ಪೊದೆಗಿಡದ ತವರು ಜಪಾನು. ಯಾರದೋ ಅಂಗಳದಿಂದ ಒಂದು ಕಡ್ಡಿಯನ್ನು ಬೇಡಿ ತಂದು, ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಕುಂಡದಲ್ಲಿ ನೆಟ್ಟು, ವಾರದೊಳಗೆ ಅದು ಬಾಡಿ ಕಪ್ಪಾದುದನ್ನು ನೋಡಿ, ‘ನಮ್ಮ ಸೆಕೆಗೆ ಇದರ ಕಡ್ಡಿ ಬೇರು ಬಿಡದು’ ಎಂದು ಕೈಬಿಟ್ಟವರು ಅನೇಕರು. ಈ ತೀರ್ಮಾನವನ್ನು ನಾವು ಒಪ್ಪಲಾರೆವು. ಸತ್ತ ಕಡ್ಡಿಗೆ ಬೇರು ಬಿಡುವ ಶಕ್ತಿ ಇರಲಿಲ್ಲವೆಂದಲ್ಲ. ಬೇರು ಬರುವವರೆಗೆ ಬದುಕಿರಲು ಅದಕ್ಕೆ ಅವಕಾಶ ದೊರೆಯಲಿಲ್ಲ.

ಬೀಜದಿಂದ ಮೊಳೆತ ಬೇರಲ್ಲದೆ, ಕಾಂಡ, ಎಲೆ ಮೊದಲಾದ ಭಾಗಗಳಿಂದ ಹೊರಡುವ ಬೇರುಗಳೂ ಉಂಟು. ಇವಕ್ಕೆ ಆಗಂತುಕ ಬೇರುಗಳೆಂದು ಹೆಸರು. ಅನೇಕ ಗಿಡಗಳಲ್ಲಿ ಕಾಂಡವನ್ನು ಕತ್ತರಿಸಿದ ಮೇಲಷ್ಟೇ ಕೆಲವು ಜೀವಕೋಶಗಳು ತಮ್ಮ ಹಳೆಯ ಕೆಲಸವನ್ನು ಬಿಟ್ಟು, ಮತ್ತೆ ವಿಭಜಿಸಿ, ಬೇರಿನ ಅಂಕುರವನ್ನು ಕಟ್ಟಲು ತೊಡಗುತ್ತವೆ. ಹೈಡ್ರೇಂಜಿಯದ ಸ್ಥಿತಿ ಇದಕ್ಕಿಂತ ಅನುಕೂಲವಾದುದು. ಅದರ ಕಾಂಡದಲ್ಲಿ ಬೇರಿನ ಅಂಕುರಗಳು ಗಿಡದ ಮೇಲಿರುವಾಗಲೇ ರೂಪುಗೊಂಡು ಸುಪ್ತವಾಗಿ ಕುಳಿತಿರುತ್ತವೆ. ಮಲ್ಲಿಗೆಯ ಕುಲದಲ್ಲಿಯೂ ಇಂಥ ಅಂಕುರಗಳುಂಟು. ಮಲ್ಲಿಗೆಯ ಬಳ್ಳಿ ನೆಲಕ್ಕೆ ತಗುಲಿದಲ್ಲಿ ಬೇರೂರುವುದನ್ನು ನಮ್ಮ ಮನೆಗಳಲ್ಲಿ ನೋಡದವರಾರು? ಹೀಗೆ ಬೇರನ್ನು ಹುಟ್ಟಿಸುವ ಕೆಲಸ ನಮ್ಮದಲ್ಲ. ಮೂರು ನಾಲ್ಕು ವಾರ ಕಡ್ಡಿಯ ಜೀವ ಹೋಗದಂತೆ ಕಾಯುವುದು ಮಾತ್ರ ನಮ್ಮದು.

ಜೀವ ಹೋಗುವುದು ಹೇಗೆಂಬುದನ್ನು ಈಗ ವಿಚಾರಿಸೋಣ. ಹೈಡ್ರೇಂಜಿಯದ ಎಲೆ ಅಗಲವಾದುದು, ಮೆತುವಾದುದು. ಎಲೆಯೊಳಗಿನ ಗಾಳಿ ನೀರಿನ ಆವಿಯಿಂದ ಬಹುಮಟ್ಟಿಗೆ ಸಂತೃಪ್ತವಾಗಿದ್ದು, ಆ ಆವಿ ಪತ್ರರಂಧ್ರಗಳ ಮೂಲಕ ಹೊರಗಿನ ಒಣಗಾಳಿಗೆ ಹೋಗುತ್ತಲೇ ಇರುತ್ತದೆ. ಸಂತೃಪ್ತ ಆವಿಯ ಒತ್ತಡ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಾದರಸದ 17.5 ಮಿಲಿಮೀಟರು, 30 ಡಿಗ್ರಿಯಲ್ಲಿ 31.8 ಮಿಲಿಮೀಟರು. ಎರಡು ಸಂದರ್ಭಗಳಲ್ಲಿಯೂ ಹೊರಗಿನ ಆರ್ದ್ರತೆ ಶೇಕಡ 50 ಎಂದೂ, ಎಲೆಯ ಉಷ್ಣತೆ ಗಾಳಿಯದರಷ್ಟೇ ಎಂದೂ ಭಾವಿಸಿ. ಎಲೆಯ ಒಳಹೊರಗಿನ ಒತ್ತಡಗಳ ಅಂತರ ತಂಪಿನಲ್ಲಿ ಸುಮಾರು 8.8 ಮಿಲಿಮೀಟರಾದರೆ, ಸೆಕೆಯಲ್ಲಿ 15.9. ಅಂದರೆ ಎಲೆಯನ್ನು ಒಣಗಿಸುವ ಬಲ ಹೆಚ್ಚುಕಡಮೆ ಇಮ್ಮಡಿ! ಬೇರುಳ್ಳ ಗಿಡ ಈ ನಷ್ಟವನ್ನು ಹೇಗೋ ತುಂಬಿಕೊಂಡೀತು. ಕತ್ತರಿಸಿದ ಕಡ್ಡಿ ಎಲ್ಲಿಂದ ತಂದೀತು? ಈಗ ಅದೇ 30 ಡಿಗ್ರಿಯಲ್ಲಿ ಆರ್ದ್ರತೆಯನ್ನು ಶೇಕಡ 90ಕ್ಕೆ ಏರಿಸಿದರೆ ಅಂತರ 3.2 ಮಿಲಿಮೀಟರಿಗೆ ಇಳಿಯುತ್ತದೆ; ಬೆಟ್ಟದ ತಂಪಿನಲ್ಲಿ ತೆರೆದಿಟ್ಟ ಕಡ್ಡಿಗಿಂತಲೂ ಇದು ಸುಖವಾಗಿರುತ್ತದೆ. ಒಂದು ಪ್ಲಾಸ್ಟಿಕ್ ಚೀಲದ ಮುಸುಕು ಮಾಡುವ ಉಪಕಾರ ಇಷ್ಟು.

ಹಾಗಾದರೆ ಎಲೆಗಳನ್ನೆಲ್ಲ ಕಿತ್ತುಬಿಟ್ಟರಾಗದೆ? ಆಗದು. ಬೇರು ಬೆಳೆಯಲು ಬೇಕಾದ ಸಕ್ಕರೆಯನ್ನು ಒದಗಿಸುವುದು ಎಲೆ. ಬೇರಿಗೆ ಪ್ರೇರಣೆ ಕೊಡುವ ವಸ್ತುವೂ ಮುಖ್ಯವಾಗಿ ಎಳೆಯ ಎಲೆ, ಮೊಗ್ಗು, ಕುಡಿಗಳಲ್ಲಿಯೇ ಹುಟ್ಟುತ್ತದೆ. ಇಂಥದೊಂದು ವಸ್ತುವಿರಬೇಕೆಂದು ಜರ್ಮನಿಯ ಸಾಕ್ಸ್ 1880ರ ದಶಕದಲ್ಲಿಯೇ ಊಹಿಸಿದ್ದನು. ಓಟ್ಸ್ ಸಸಿಯ ತುದಿಯಿಂದ ಬೆಳವಣಿಗೆಯ ಪ್ರೇರಕವೊಂದನ್ನು ಅಗರ್ ತುಂಡಿನೊಳಗೆ ಹಿಡಿದು ಅದರ ಪರಿಣಾಮವನ್ನು ಅಳೆದ ಪ್ರಯೋಗವನ್ನು ಹಾಲೆಂಡಿನ ವೆಂಟ್ 1928ರಲ್ಲಿ ಪ್ರಕಟಿಸಿದನು. ಆಕ್ಸಿನ್ ಎಂಬ ಹೆಸರು ಪಡೆದ ಈ ವರ್ಗದ ವಸ್ತುಗಳಲ್ಲಿ ಇಂಡೋಲ್ ಅಸಿಟಿಕ್ ಆಮ್ಲವು ಬೇರನ್ನೂ ಬರಿಸಬಲ್ಲುದೆಂದು 1930ರ ದಶಕದ ನಡುವೆ ತಿಳಿದುಬಂದಿತು. ಆಕ್ಸಿನ್ ಕಾಂಡದಲ್ಲಿ ತುದಿಯಿಂದ ಬುಡದ ಕಡೆಗೆ ಇಳಿಯುತ್ತದೆ. ಕತ್ತರಿಸಿದಲ್ಲಿ ಮುಂದೆ ದಾರಿಯಿಲ್ಲದೆ ಅಲ್ಲಿಯೇ ಶೇಖರವಾಗುತ್ತದೆ. ಬೇರುಗಳು ಬುಡದಲ್ಲಿ ಏಕೆ ದಟ್ಟವಾಗಿ ಹೊರಡುತ್ತವೆಂಬುದಕ್ಕೆ ಇದೇ ಉತ್ತರ. ಅಂಗಡಿಗಳಲ್ಲಿ ಮಾರುವ ಬೇರುಬರಿಸುವ ಪುಡಿಯಲ್ಲಿರುವುದೂ ಇದರ ಬಂಧುವಾದ ಇಂಡೋಲ್ ಬ್ಯುಟಿರಿಕ್ ಆಮ್ಲವೇ. ಹೈಡ್ರೇಂಜಿಯಕ್ಕೆ ಅದು ಅನಿವಾರ್ಯವೇನಲ್ಲ. ಕೈಯಲ್ಲಿದ್ದರೆ ಚಿಟಿಕೆಯಷ್ಟು ಸಾಕು.

ಎಲೆಯೂ ಬೇಕು, ಅದರ ದಾಹವೂ ತಗ್ಗಬೇಕು. ಆದುದರಿಂದ ಎಲೆಯನ್ನು ಅರ್ಧಕ್ಕೆ ಕತ್ತರಿಸುವ ಮಧ್ಯಮ ಮಾರ್ಗ ರೂಢಿಗೆ ಬಂದಿದೆ.

ಬೇಸಗೆಯ ಝಳ ಕಳೆದು ಮೋಡ ಕವಿಯುವ ಜೂನ್, ಜುಲೈ ತಿಂಗಳುಗಳು ನಮ್ಮಲ್ಲಿ ಈ ಕೆಲಸಕ್ಕೆ ಪ್ರಶಸ್ತ. ಹೂ ಬಿಡದ, ಆ ವರ್ಷದ ಹಸುರು ಚಿಗುರನ್ನು ಬೆಳಗಿನ ಹೊತ್ತಿನಲ್ಲಿ ಆರಿಸಿಕೊಳ್ಳಬೇಕು. ರಾತ್ರಿಯೆಲ್ಲ ನೀರು ಕುಡಿದ ಚಿಗುರು ಆಗ ಬಿಗಿಯಾಗಿರುತ್ತದೆ. ಸುಮಾರು 10ರಿಂದ 12 ಸೆಂಟಿಮೀಟರು ಉದ್ದದ ತುಂಡನ್ನು ಒಂದು ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಕೆಳಗಿನ ಎಲೆಜೋಡಿಯನ್ನು ತೆಗೆದು, ಆ ಗೆಣ್ಣು ಹುದುಗುವಂತೆ ನೆಡಬೇಕು. ತೊಳೆದ ದಪ್ಪಮರಳಿಗೆ ಸಮಪಾಲು ತೆಂಗಿನನಾರಿನ ಪುಡಿ ಬೆರೆಸಿದರೆ ಒಳ್ಳೆಯ ಹಾಸಾಯಿತು. ಗೊಬ್ಬರ ಬೇಡ, ತಿನ್ನಲು ಬಾಯಿಲ್ಲದ ಕಡ್ಡಿಗೆ ಉಣಬಡಿಸಿದರೆ ಉಣ್ಣುವವು ಬೂಷ್ಟುಗಳು. ಕುಂಡವು ಮಣ್ಣಿನದಾದರೆ ಲೇಸು. ಬೇಸಗೆಯಲ್ಲಿ ಮಡಕೆಯ ನೀರು ತಂಪಾಗುವ ತತ್ತ್ವದಿಂದಲೇ ಅದರ ಗೋಡೆಯೂ ತಂಪಾಗಿ ಬುಡದ ಬಿಸಿಯನ್ನು ತಗ್ಗಿಸುತ್ತದೆ. ಮೂರು ಕಡ್ಡಿಗಳನ್ನು ಊರಿ, ಅವುಗಳ ಮೇಲೆ ಚೀಲ ಎಲೆಗೆ ತಾಗದಂತೆ ಮುಚ್ಚಬೇಕು.

ಮುಚ್ಚಿದ ಕುಂಡವನ್ನು ನೇರ ಬಿಸಿಲಿಗೆ ಮಾತ್ರ ಎಂದೂ ಇಡಬಾರದು. ಚೀಲದೊಳಗೆ ಹೊಕ್ಕ ಬೆಳಕು ಶಾಖವಾಗುತ್ತದೆ. ಬಿಸಿಯಾದ ಗಾಳಿಗೆ ಹೊರಬೀಳಲು ದಾರಿಯಿಲ್ಲ. ಕಡ್ಡಿ ಅಕ್ಷರಶಃ ಬೇಯುತ್ತದೆ. ಪತ್ರಿಕೆಯ ಅಕ್ಷರಗಳನ್ನು ಸುಖವಾಗಿ ಓದಬಹುದಾದಷ್ಟು ಬೆಳಕುಳ್ಳ ಜಗಲಿ ಸಾಕು. ಚಳಿದೇಶದ ತೋಟಗಾರರು ಬುಡವನ್ನು ಬೆಚ್ಚಗಿಡಲು ಮರಳಿನ ಅಡಿಯಲ್ಲಿ ವಿದ್ಯುತ್ತಿನ ತಂತಿಗಳನ್ನು ಹಾಯಿಸುತ್ತಾರೆ. ಆ ಬೆಚ್ಚನೆಯನ್ನು ನಮಗೆ ಪ್ರಕೃತಿ ಬಿಟ್ಟಿಯಾಗಿ ಕೊಟ್ಟಿದೆ.

ಬಾಟಲಿಯ ನೀರಿನಲ್ಲಿ ಕಡ್ಡಿ ಇಡುವುದು ಕೆಲವರ ಪದ್ಧತಿ. ಬೇರು ಬಾರದೆಂದಲ್ಲ, ಆದರೆ ಸೆಕೆಯಲ್ಲಿ ಇದು ಜೂಜು. ಗಾಳಿಯೊಡನೆ ಸಂಪರ್ಕದಲ್ಲಿರುವ ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿಯೇರಿದಂತೆ ಕಾಂಡದ ಉಸಿರಾಟವಾದರೋ ಹೆಚ್ಚುತ್ತದೆ. ಬೇಡಿಕೆ ಏರಿ ಪೂರೈಕೆ ಇಳಿದಾಗ ಬುಡ ಕೊಳೆಯುವುದು ಸಹಜ. ಕೆಸರಾಗುವಂತೆ ನೀರೆರೆದ ಕುಂಡದಲ್ಲಿಯೂ ನಡೆಯುವುದು ಇದೇ. ಮರಳನ್ನು ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಒಸರುವಷ್ಟು ತೇವ ಸರಿಯಾದುದು.

ಮೂರು ವಾರಗಳ ಬಳಿಕ ಕಡ್ಡಿಯನ್ನು ಮೆಲ್ಲನೆ ಎಳೆದು ನೋಡಿ. ಅದು ತಡೆದು ನಿಂತರೆ ಬೇರು ಮರಳನ್ನು ಹಿಡಿದಿದೆ. ದಿನವೂ ಕಿತ್ತು ನೋಡುವ ಕುತೂಹಲ ಅರ್ಥವಾಗತಕ್ಕದ್ದೇ, ಆದರೆ ಎಳೆಯ ಬೇರಿನ ತುದಿಗೆ ಅದು ಮಾರಕ. ಚೀಲವನ್ನು ಒಮ್ಮೆಗೇ ತೆಗೆಯದೆ ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು, ವಾರದ ನಂತರ ಬೇರೆ ಕುಂಡಕ್ಕೆ ವರ್ಗಾಯಿಸಬಹುದು. ಪ್ರಯೋಗಪ್ರಿಯರಾದ ವಿದ್ಯಾರ್ಥಿಗಳು ಪೂರ್ಣ ಎಲೆಯ, ಅರ್ಧ ಎಲೆಯ, ಎಲೆಯೇ ಇಲ್ಲದ ಕಡ್ಡಿಗಳನ್ನು ಐದೈದರಂತೆ ಒಂದೇ ದಿನ ನೆಟ್ಟು, ಬೇರುಗಳನ್ನು ಎಣಿಸಿ ಬರೆದಿಡಲಿ.

ನೀಲಿ ಹೂವಿನ ಗಿಡದಿಂದ ತಂದ ಕಡ್ಡಿ ಗುಲಾಬಿ ಬಣ್ಣದ ಹೂ ಬಿಟ್ಟರೆ ಯಾರನ್ನೂ ಶಂಕಿಸಬೇಕಾಗಿಲ್ಲ. ಮಲೆನಾಡಿನ ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ದೊರೆಯುತ್ತದೆ. ನೀಲಿ ಮೂಡಲು ಅದು ಬೇಕು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನೇ ಎರೆಯುತ್ತ ಹೋದರೆ ಮಣ್ಣಿನ ಆಮ್ಲೀಯತೆ ತಗ್ಗಿ ಅದು ದೊರೆಯದಂತಾಗುತ್ತದೆ. ಇನ್ನು ಹೂಮೊಗ್ಗು ಕಟ್ಟಲು ಈ ಗಿಡಕ್ಕೆ ಸಾಮಾನ್ಯವಾಗಿ 18 ಡಿಗ್ರಿಗಿಂತ ಕೆಳಗಿನ ತಂಪು ಕೆಲವು ವಾರ ಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ಅದು ಅಷ್ಟಿಷ್ಟು ಒದಗುತ್ತದೆ. ಮಂಗಳೂರಿನ ವಾಚಕರ ಕಡ್ಡಿಗಳು ಬೇರು ಬಿಟ್ಟು ಸೊಂಪಾಗಿ ಎಲೆಗಳನ್ನೂ ತಳೆದಾವು. ಹೂವಿಗಾಗಿ ಮಾತ್ರ ಅವರು ಒಂದು ಕುಂಡವನ್ನು ಮಡಿಕೇರಿಯ ನಂಟರ ಮನೆಗೆ ಕಳುಹಿಸುವುದು ಮೇಲು.