ಪೂರ್ವ ಏಷ್ಯಾದ ಉನ್ನತ ಅಧ್ಯಯನ: ಭಾಷೆಯೇ ಹೆಬ್ಬಾಗಿಲು

ಬಾದಾಮಿಯ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬೋಧಿಸುವಾಗ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನನ್ನು ಸ್ಮರಿಸದ ಉಪಾಧ್ಯಾಯರು ವಿರಳ. ಆದರೆ ಆತನ ಗ್ರಂಥವನ್ನು ಮೂಲ ಚೀನೀ ಭಾಷೆಯಲ್ಲಿಯೇ ಓದಬಲ್ಲವರು ನಮ್ಮಲ್ಲಿ ಇನ್ನೂ ವಿರಳ. ನಮ್ಮ ಅರಸನನ್ನು ಕುರಿತು ಆತನು ಬರೆದುದನ್ನು ನಾವು ಅರಿತದ್ದು 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಪ್ರಕಟಿಸಿದಂತಹ ಇಂಗ್ಲಿಷ್ ಅನುವಾದಗಳ ಮೂಲಕ. ಚೀನಾ, ಜಪಾನ್, ಕೊರಿಯಾಗಳ ಸಮಾಜ ಮತ್ತು ಸಂಸ್ಕೃತಿಗಳನ್ನು ಸ್ನಾತಕೋತ್ತರ ಮಟ್ಟದಲ್ಲಿ ಅಭ್ಯಸಿಸುವುದು ನಮಗೇಕೆ ಅವಶ್ಯಕ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಅಡಗಿದೆ.

ಇನ್ನೊಂದು ನಿದರ್ಶನವನ್ನು ನೋಡಬಹುದು. ವೈಶೇಷಿಕ ದರ್ಶನದ ‘ದಶಪದಾರ್ಥಶಾಸ್ತ್ರ’ದ ಸಂಸ್ಕೃತ ಮೂಲವು ನಷ್ಟವಾಗಿದೆ. ಹ್ಯೂಯೆನ್‌ತ್ಸಾಂಗನು 648ರಲ್ಲಿ ಮಾಡಿದ ಚೀನೀ ಅನುವಾದವೊಂದೇ ಉಳಿದು ಬಂದಿದೆ. ಅದನ್ನು ಇಂಗ್ಲಿಷಿಗೆ ಪರಿವರ್ತಿಸಿ, ವಿವರಣೆಯೊಡನೆ 1917ರಲ್ಲಿ ಲೋಕದ ಮುಂದಿಟ್ಟವರು ಜಪಾನಿನ ವಿದ್ವಾಂಸ ಉಯಿ ಹಕುಜು. ನಮ್ಮ ಮನೆಯ ನಿಧಿಯ ಬೀಗದ ಕೈ ನೆರೆಯವರಲ್ಲಿ ಉಳಿದಂತಾಯಿತು.

ಪ್ರಾಚೀನ ಚೀನೀ ಗ್ರಂಥಭಾಷೆಯು ಚೀನಾಕ್ಕೆ ಮಾತ್ರ ಸೀಮಿತವಾದುದಲ್ಲ. ಕೊರಿಯಾ, ಜಪಾನ್, ವಿಯೆಟ್ನಾಂಗಳ ಇತಿಹಾಸ, ಆಡಳಿತ, ಧರ್ಮಗಳಿಗೆ ಸಂಬಂಧಿಸಿದ ಅಸಂಖ್ಯ ಬರಹಗಳು ಶತಮಾನಗಳ ಕಾಲ ಅದರಲ್ಲಿಯೇ ರಚಿತವಾದವು. ಕೊರಿಯಾದ ಸೆಜೊಂಗ್ ದೊರೆಯು 1446ರಲ್ಲಿ ಜನಸಾಮಾನ್ಯರಿಗಾಗಿ ಸುಲಭವಾದ ಹೊಸ ಲಿಪಿಯನ್ನು ಪ್ರಕಟಿಸಿದ ಮೇಲೆಯೂ ಅಲ್ಲಿನ ಪಂಡಿತವರ್ಗವು ಬಹುಕಾಲ ಚೀನೀ ಬರಹವನ್ನು ಬಿಡಲಿಲ್ಲ. ಆದುದರಿಂದ ಯಾರು, ಯಾರಿಗಾಗಿ, ಯಾವ ಲಿಪಿಯಲ್ಲಿ ಬರೆದರು ಎಂಬ ವಿಚಾರಣೆಯೇ ಆ ಸಮಾಜದ ಅಧ್ಯಯನವೂ ಆಗುತ್ತದೆ. ಶರಣರು ಜನರ ನುಡಿಯಲ್ಲಿ ಅನುಭಾವವನ್ನು ಸಾರಿದ ನಾಡಿನವರಿಗೆ ಈ ಮಾತಿನ ಮರ್ಮವು ಬೇಗನೆ ಮನವರಿಕೆಯಾದೀತು.

ಈ ಕಾರಣದಿಂದ ವಿದ್ಯಾರ್ಥಿಯು ಮೊದಲು ಆಧುನಿಕ ಚೀನೀಯನ್ನು, ಅನಂತರ ಪ್ರಾಚೀನ ಗ್ರಂಥಭಾಷೆಯನ್ನು ಕಲಿಯಬೇಕು. ಈ ಕ್ಷೇತ್ರದ ಸಂಶೋಧನೆಯಲ್ಲಿ ಬಹುಭಾಗವು ಜಪಾನೀ ಭಾಷೆಯಲ್ಲಿರುವುದರಿಂದ ಅದನ್ನೂ ಓದುವಷ್ಟು ಬಲ್ಲವನಾಗಬೇಕು. ಆಮೇಲೆ ಒಂದು ಗ್ರಂಥ, ಒಂದು ಗ್ರಾಮ ಅಥವಾ ಒಂದು ವಿಹಾರವನ್ನು ಆಯ್ದುಕೊಂಡು ಆಳವಾಗಿ ಪರಿಶೀಲಿಸುವುದು ಲೇಸು. ಎಂ.ಎ. ತರಗತಿಯ ಎರಡು ವರ್ಷಗಳು ಇದಕ್ಕೆ ಪೀಠಿಕೆ ಮಾತ್ರ.

ನಮ್ಮ ದೇಶದಲ್ಲಿ ಈ ವ್ಯಾಸಂಗಕ್ಕೆ ನೆಲೆಯಿಲ್ಲವೆಂದಲ್ಲ. ರವೀಂದ್ರನಾಥ ಠಾಕೂರರ ಆಶ್ರಯ ಮತ್ತು ತಾನ್ ಯುನ್‌ಷಾನ್ ಅವರ ಪರಿಶ್ರಮದಿಂದ 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾಭವನವು ಆರಂಭವಾಯಿತು. 1962ರ ಯುದ್ಧದ ತರುವಾಯ, 1964ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ಕೇಂದ್ರವು ಸ್ಥಾಪಿತವಾಯಿತು. ಅದೇ ಬೆಳೆದು ಈಗ ಪೂರ್ವ ಏಷ್ಯಾ ಅಧ್ಯಯನ ವಿಭಾಗವಾಗಿದೆ. ಮೊದಲನೆಯದು ಸ್ನೇಹದ ಫಲ. ಎರಡನೆಯದು ಆಘಾತದ ಅನಂತರದ ಎಚ್ಚರ. ನೆರೆಯವರ ನುಡಿಯನ್ನು ಕಲಿಯಲು ಕಲಹ ಬರುವವರೆಗೆ ಕಾಯಬಾರದು.

ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಗಟ್ಟಿಯಾದ ತಳಹದಿಯುಳ್ಳ ವಿದ್ಯಾರ್ಥಿಗೆ ಈ ಮಾರ್ಗವನ್ನು ತೋರಿಸುವ ಹೊಣೆ ಉಪಾಧ್ಯಾಯರದು. ಅಂತಹ ಒಬ್ಬನನ್ನು, ಇಲ್ಲವೆ ಒಬ್ಬಳನ್ನು, ಐದಾರು ವರ್ಷ ನಿಶ್ಚಿಂತೆಯಿಂದ ಓದಿಸುವುದು ದಾನಿಗಳಿಗೆ ಅಸಾಧ್ಯವಾದುದಲ್ಲ. ಅನ್ನದಾಸೋಹ, ಜ್ಞಾನದಾಸೋಹಗಳಿಂದ ಸಹಸ್ರಾರು ಬಡಮಕ್ಕಳನ್ನು ಬೆಳೆಸಿದ ಮಠಗಳ ಪರಂಪರೆಗೆ ಇದು ಹೊಸ ಹಾದಿಯಲ್ಲ. ಹಳೆಯ ಹಾದಿಯ ಮುಂದಿನ ಹೆಜ್ಜೆ.